ಹಂದಿಯ ಕಿಡ್ನಿಗೂ ಗುಳಿಗೆ ಬೇಕು

ಕಳೆದ ಶ್ರಾವಣದಲ್ಲಿ ಸೀತೂರಿಗೆ ಹೋಗಿದ್ದೆ. ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಕರೆಂಟಿರಲಿಲ್ಲ. ಚಿಕ್ಕಪ್ಪ ಜಗುಲಿಯಲ್ಲಿ ಕೂತು ಎರಡು ದಿನ ಹಳೆಯ ಪೇಪರನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು. ಅವತ್ತು ಡಯಾಲಿಸಿಸ್ ಇಲ್ಲದ ದಿನ. ನನ್ನನ್ನು ಕಂಡವರೇ ಕೇಳಿದರು:

“ಏ ಹುಡುಗಿ, ಹಂದಿ ಕಿಡ್ನಿನ ಮನುಷ್ಯರಿಗೆ ಹಾಕ್ತಾರಂತಲ್ಲೇ. ಅದಕ್ಕಾದ್ರೆ ಗುಳಿಗೆ ಬ್ಯಾಡ್ವಂತಾ?”

“ಬೇಕು ಚಿಕ್ಕಪ್ಪ. ಇನ್ನೂ ಜಾಸ್ತಿನೇ ಬೇಕು” ಅಂದೆ.

“ಹಂಗಾದ್ರೆ ಎಂತ ಬಂತು ಅದರಲ್ಲಿ?” ಎಂದು ಪೇಪರ್ ಮಡಿಸಿ ಪಕ್ಕಕ್ಕಿಟ್ಟರು.

ನಾನು ಬೆಂಗಳೂರಿನಲ್ಲಿ ರೋಗನಿರೋಧಕ ಕೋಶಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಹಂದಿಯ ಅಂಗಗಳ ಕುರಿತ ಪ್ರಬಂಧಗಳನ್ನು ಓದುವುದು ನನ್ನ ಕೆಲಸದ ಭಾಗ. 2022ರಿಂದ ಈಚೆಗೆ ಈ ವಿಷಯ ನನ್ನ ಗೆಳೆಯರ ನಡುವೆ ಎಷ್ಟೋ ಸಲ ಬಂದಿದೆ. ಹಾಗೆ ಬಂದಾಗೆಲ್ಲ ಎರಡೇ ಬಗೆಯ ಮಾತು ಕೇಳಿದ್ದೇನೆ. ಒಂದು ಸಂಭ್ರಮದ್ದು: ಇನ್ನು ಅಂಗಾಂಗಕ್ಕೆ ಸರದಿಯೇ ಇರುವುದಿಲ್ಲ, ವಿಜ್ಞಾನ ಗೆದ್ದಿತು. ಇನ್ನೊಂದು ಹೇಸಿಗೆಯದ್ದು: ಮನುಷ್ಯನೊಳಗೆ ಹಂದಿಯೇ, ಇದು ಪ್ರಕೃತಿಗೆ ವಿರುದ್ಧ. ನನ್ನ ಚಿಕ್ಕಪ್ಪ ಕೇಳಿದ ಪ್ರಶ್ನೆಯನ್ನು ಇವರಲ್ಲಿ ಯಾರೂ ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದೊಂದೇ ಎಂಬುದು ನನ್ನ ವಾದ. ಹಾಗಾಗಿ ಈ ಬರಹದ ಜಗಳ ಎರಡೂ ಬಣದವರ ಜೊತೆ.

ಮೊದಲು ಚಿಕ್ಕಪ್ಪನ ಕತೆ ಹೇಳಿಬಿಡುತ್ತೇನೆ. ಅವರಿಗೆ ಒಂದೂವರೆ ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. 2016ರಲ್ಲಿ ಎರಡೂ ಕಿಡ್ನಿ ಕೈಕೊಟ್ಟವು. ಚಿಕ್ಕಮ್ಮ ತನ್ನದೊಂದನ್ನು ಕೊಟ್ಟರು. ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಲ್ಲಿ ಕಸಿಯಾಯಿತು. ಗದ್ದೆ ಮಾರಿದರು, ಸೊಸೈಟಿಯಲ್ಲಿ ಸಾಲ ಮಾಡಿದರು. ಆಮೇಲೆ ಏಳು ವರ್ಷ ಚಿಕ್ಕಪ್ಪ ಗಟ್ಟಿಯಾಗೇ ಇದ್ದರು. ಕೊನೆಕೊಯ್ಲಿನ ಹೊತ್ತಿಗೆ ಅವರೇ ತೋಟದಲ್ಲಿ ನಿಂತು ಕೆಲಸ ಮಾಡಿಸುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ತಪ್ಪದೆ ಗುಳಿಗೆ. ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್. ಇಂಗ್ಲಿಷ್ ಬಾರದ ಚಿಕ್ಕಮ್ಮನ ಬಾಯಲ್ಲಿ ಈ ಮೂರು ಹೆಸರು ಮನೆಮಕ್ಕಳ ಹೆಸರಿನಷ್ಟು ಸಲೀಸಾಗಿ ಬರುತ್ತಿದ್ದವು. ತಿಂಗಳಿಗೆ ಮದ್ದಿಗೇ ಎಂಟು ಹತ್ತು ಸಾವಿರ. ರಕ್ತದಲ್ಲಿ ಮದ್ದಿನ ಮಟ್ಟ ನೋಡಿಸಲು ಮತ್ತೆ ಘಟ್ಟ ಇಳಿಯಬೇಕು, ಅದು ಬೇರೆ ಖರ್ಚು.

ಆಮೇಲೆ ಅಡಿಕೆಗೆ ಎಲೆಚುಕ್ಕಿ ರೋಗ ಬಂತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಅದನ್ನು ವಿವರಿಸಬೇಕಿಲ್ಲ. ಸೋಗೆ ಸುಟ್ಟಂತಾಗಿ ಮರ ಬೋಳಾಗುತ್ತ ಬಂತು, ಫಸಲು ಇಳಿಯಿತು. ಚಿಕ್ಕಪ್ಪ ಯಾರಿಗೂ ಹೇಳದೆ ಒಂದು ಲೆಕ್ಕ ಹಾಕಿದರು. ಬೆಳಗಿನ ಗುಳಿಗೆ ಇಟ್ಟುಕೊಂಡು ರಾತ್ರಿಯದ್ದನ್ನು ಬಿಟ್ಟರು. ನೋವಿಲ್ಲ, ಜ್ವರವಿಲ್ಲ, ಕಾಲು ಬಾತಿಲ್ಲ. ತಿಂಗಳುಗಟ್ಟಲೆ ಏನೂ ಆಗಲಿಲ್ಲ ಎಂದೇ ಅವರಿಗೆ ಅನ್ನಿಸಿತ್ತು. ರಕ್ತ ಪರೀಕ್ಷೆ ಮಾಡಿಸುವ ಹೊತ್ತಿಗೆ ಕ್ರಿಯಾಟಿನಿನ್ ಏರಿಬಿಟ್ಟಿತ್ತು. 2024ರಲ್ಲಿ ಆ ಕಿಡ್ನಿ ಹೋಯಿತು. ಚಿಕ್ಕಮ್ಮ ಅತ್ತಿದ್ದನ್ನು ನಾನು ನೋಡಲಿಲ್ಲ. “ನಂಗೊಂದು ಮಾತು ಹೇಳಿದ್ರೆ ಬಳೆ ಇಡ್ತಿದ್ನಲ್ಲ” ಎಂದಷ್ಟೇ ಅಂದರು.

ಆ ವರ್ಷದ ಮಾರ್ಚಿಯಲ್ಲೇ ಅಮೆರಿಕದ ಬೋಸ್ಟನ್‌ನಲ್ಲಿ ಜೀವಂತ ಮನುಷ್ಯನೊಬ್ಬನಿಗೆ ಮೊದಲ ಬಾರಿಗೆ ಜೀನ್ ತಿದ್ದಿದ ಹಂದಿಯ ಕಿಡ್ನಿ ಕೂರಿಸಿದರು. ನಮ್ಮ ಪೇಪರುಗಳಲ್ಲೆಲ್ಲ ಬಂತು. ಎರಡು ಸುದ್ದಿಯನ್ನೂ ನಾನು ಒಟ್ಟಿಗೆ ಕೇಳಿಸಿಕೊಂಡೆ. ಒಂದು ಪತ್ರಿಕೆಯಲ್ಲಿ, ಇನ್ನೊಂದು ಫೋನಿನಲ್ಲಿ.

ಕನ್ನಡದಲ್ಲಿ ನಾವು ಇದಕ್ಕೆ ಕಸಿ ಅನ್ನುತ್ತೇವೆ. ತೋಟದಿಂದ ಆಸ್ಪತ್ರೆಗೆ ಹೋದ ಪದ. ಚೆಂದದ ಪದವೇ, ಆದರೆ ದಾರಿ ತಪ್ಪಿಸುವ ಪದವೂ ಹೌದು. ನಮ್ಮ ಕಡೆ ಸೊರಗು ರೋಗಕ್ಕೆ ಅಂಜಿ ಕಾಳುಮೆಣಸನ್ನು ಬ್ರೆಜಿಲ್ ಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟುತ್ತಾರೆ. ಹಿಪ್ಪಲಿಯದ್ದು ಬೇರೆ ಜಾತಿ, ಆದರೂ ಎರಡೂ ಕೂಡಿಕೊಳ್ಳುತ್ತವೆ. ಗಿಡಕ್ಕೆ ತನ್ನದಲ್ಲದ್ದನ್ನು ಹುಡುಕಿಕೊಂಡು ಓಡಾಡುವ ಬಿಳಿರಕ್ತಕಣಗಳಿಲ್ಲ. ಹಾಗಾಗಿ ಕಟ್ಟು ಬಿಗಿಯಾಗಿ ಕೂತರೆ ಅರ್ಧ ಗೆದ್ದಂತೆ. ಕೆಲವು ಬಳ್ಳಿಗಳು ಕೆಲವು ವರ್ಷ ಚೆನ್ನಾಗಿದ್ದು ಆಮೇಲೆ ಕಸಿಯ ಗಂಟಿನಲ್ಲೇ ಬಾಡುವುದುಂಟು, ಅದನ್ನು ಬೆಳೆಗಾರರು ಬಲ್ಲರು. ಮನುಷ್ಯನ ದೇಹದಲ್ಲಿ ಮಾತ್ರ ಕೂಡಿಸುವುದು ಕೆಲಸದ ಆರಂಭವಷ್ಟೆ. ಶಸ್ತ್ರವೈದ್ಯರು ಹೊಲಿಗೆ ಮುಗಿಸಿ ಕೈ ತೊಳೆದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ, ಅದು ರೋಗಿ ಬದುಕಿರುವವರೆಗೂ ಮುಗಿಯುವುದಿಲ್ಲ.

ದೇಹ ಪರರ ಅಂಗವನ್ನು ತಿರಸ್ಕರಿಸುವುದು ಒಂದೇ ಸಲಕ್ಕೆ ಅಲ್ಲ. ಅದಕ್ಕೆ ಮೂರು ಕಾಲಮಾನಗಳಿವೆ. ಮೊದಲನೆಯದು ನಿಮಿಷಗಳದ್ದು. ಹಂದಿಯ ಜೀವಕೋಶದ ಮೈಮೇಲೆ ಆಲ್ಫಾ-ಗ್ಯಾಲ್ ಎಂಬ ಒಂದು ಸಕ್ಕರೆ ಅಂಟಿಕೊಂಡಿರುತ್ತದೆ. ಹೆಚ್ಚಿನ ಸಸ್ತನಿಗಳಲ್ಲಿ ಅದಿದೆ. ನಮ್ಮ ಪೂರ್ವಜ ಮಂಗಗಳು ಎರಡು ಮೂರು ಕೋಟಿ ವರ್ಷಗಳ ಹಿಂದೆ ಅದನ್ನು ಕಳೆದುಕೊಂಡವು. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ಅಂಥದೇ ಸಕ್ಕರೆ ಇರುವುದರಿಂದ, ಹಂದಿಯನ್ನು ಎಂದೂ ಮುಟ್ಟದವರ ರಕ್ತದಲ್ಲೂ ಅದರ ವಿರುದ್ಧ ಪ್ರತಿಕಾಯಗಳು ಸಿದ್ಧವಾಗಿ ಕೂತಿರುತ್ತವೆ. ಹಂದಿಯ ಅಂಗಕ್ಕೆ ಮನುಷ್ಯನ ರಕ್ತ ಹರಿದ ಕೂಡಲೇ ಅವು ಮುತ್ತಿಕೊಳ್ಳುತ್ತವೆ. ರಕ್ತನಾಳಗಳು ಹೆಪ್ಪುಗಟ್ಟಿ ಅಂಗ ಕಪ್ಪಾಗುತ್ತದೆ.

ಎರಡನೆಯದು ದಿನ, ವಾರಗಳದ್ದು. ಟಿ ಕೋಶಗಳು ಹೊಸ ಅಂಗವನ್ನು ಗುರುತಿಸಿ, ಹೊಸ ಪ್ರತಿಕಾಯಗಳನ್ನು ಮಾಡಿಸಿ ದಾಳಿಗೆ ಇಳಿಯುತ್ತವೆ. ಮೂರನೆಯದು ವರ್ಷಗಳದ್ದು. ನಿಧಾನವಾಗಿ, ಸದ್ದಿಲ್ಲದೆ ಅಂಗ ಗಡುಸಾಗಿ ಸಾಯುತ್ತದೆ. ಚಿಕ್ಕಪ್ಪನಿಗೆ ಆದದ್ದು ಇದು.

ಈ ಮೂರರಲ್ಲಿ ಹಂದಿಯ ಜೀನ್ ತಿದ್ದುವ ವಿಜ್ಞಾನ ಚೆನ್ನಾಗಿ ಗೆದ್ದಿರುವುದು ಮೊದಲನೆಯದನ್ನು. ಆ ಗೆಲುವು ಸಣ್ಣದಲ್ಲ. ಆಲ್ಫಾ-ಗ್ಯಾಲ್ ಮಾಡುವ ಜೀನನ್ನು ತೆಗೆದುಹಾಕಿದ ಹಂದಿಗಳು ಈ ಶತಮಾನದ ಮೊದಲ ವರ್ಷಗಳಲ್ಲೇ ಹುಟ್ಟಿದವು. ಆಮೇಲೆ ಇನ್ನೆರಡು ಸಕ್ಕರೆಗಳನ್ನೂ ತೆಗೆದರು. ಮನುಷ್ಯನ ಕೆಲವು ಜೀನ್‌ಗಳನ್ನು ಸೇರಿಸಿದರು, ನಮ್ಮ ರಕ್ತ ಆ ಅಂಗದ ಮೇಲೆ ಉರಿದುಬೀಳದಿರಲಿ, ಹೆಪ್ಪುಗಟ್ಟದಿರಲಿ ಎಂದು. 2022ರ ಜನವರಿಯಲ್ಲಿ ಬಾಲ್ಟಿಮೋರ್‌ನಲ್ಲಿ 57 ವರ್ಷದ ರೋಗಿಗೆ ಕೂರಿಸಿದ ಹೃದಯ ಹತ್ತು ತಿದ್ದುಪಡಿಗಳ ಹಂದಿಯದ್ದು. ಬೋಸ್ಟನ್ನಿನ ಕಿಡ್ನಿಯ ಹಂದಿಗೆ 69 ತಿದ್ದುಪಡಿ. ಅದರಲ್ಲಿ 59 ಹಂದಿಯ ಜೀನಿನಲ್ಲೇ ಹುದುಗಿರುವ ವೈರಸ್ಸುಗಳನ್ನು ಸುಮ್ಮನಾಗಿಸಲು, ಮೂರು ಸಕ್ಕರೆ ತೆಗೆಯಲು, ಏಳು ಮನುಷ್ಯನ ಜೀನ್ ಸೇರಿಸಲು.

ಹಿಂದಿನ ಇತಿಹಾಸ ಬಲ್ಲವರಿಗೆ ಇದರ ಬೆಲೆ ಗೊತ್ತು. 1997ರ ಜನವರಿಯಲ್ಲಿ ನಮ್ಮದೇ ದೇಶದ ಅಸ್ಸಾಮಿನಲ್ಲಿ, ಗುವಾಹಟಿ ಬಳಿಯ ಸೋನಾಪುರದಲ್ಲಿ, ಧನಿರಾಮ್ ಬರುವಾ ಎಂಬ ಶಸ್ತ್ರವೈದ್ಯರು 32 ವರ್ಷದ ಒಬ್ಬ ರೋಗಿಗೆ ಹಂದಿಯ ಹೃದಯ ಜೋಡಿಸಿದರು. ಆಲ್ಫಾ-ಗ್ಯಾಲ್ ಜೀನ್ ತೆಗೆದ ಹಂದಿ ಆಗ ಇರಲಿಲ್ಲ. ರೋಗಿ ಒಂದು ವಾರ ಬದುಕಿದ. 1994ರ ಅಂಗಾಂಗ ಕಸಿ ಕಾಯ್ದೆಯಡಿ ಬರುವಾ ಜೈಲಿಗೆ ಹೋದರು. ಈಗ ಬಾಲ್ಟಿಮೋರ್ ನಡೆದ ಮೇಲೆ ಅವರನ್ನು ಕಾಲಕ್ಕಿಂತ ಮುಂದಿದ್ದ ಋಷಿ ಎಂದು ಕೊಂಡಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರತಿಕಾಯದ ಗೋಡೆ ದಾಟುವ ದಾರಿ ಯಾರಿಗೂ ಸಿಕ್ಕಿರದಿದ್ದಾಗ ಮನುಷ್ಯನ ಮೈಮೇಲೆ ಪ್ರಯೋಗ ಮಾಡುವುದನ್ನು ಧೈರ್ಯ ಎಂದು ಕರೆಯಲಾರೆ. ಆ ರೋಗಿಯ ಮನೆಯವರನ್ನು ನೆನೆದರೆ ಆ ಹೊಗಳಿಕೆ ಬಾಯಿಗೆ ಬರುವುದಿಲ್ಲ.

ಆದರೆ ಈಗಿನ ಸಂಭ್ರಮದವರೂ ಅದೇ ತಪ್ಪಿನ ಸಣ್ಣ ರೂಪವನ್ನು ಮಾಡುತ್ತಿದ್ದಾರೆ. ಮೊದಲ ಗೋಡೆ ದಾಟಿದ್ದನ್ನು ಮೂರೂ ಗೋಡೆ ದಾಟಿದಂತೆ ಹೇಳುತ್ತಾರೆ. ನಡೆದದ್ದನ್ನು ನೋಡಿ. ಬಾಲ್ಟಿಮೋರ್‌ನ ರೋಗಿ ಎರಡು ತಿಂಗಳು ಬದುಕಿದರು. ಅವರ ಹೊಸ ಹೃದಯದಲ್ಲಿ ಹಂದಿಯ ಒಂದು ವೈರಸ್ ಪತ್ತೆಯಾಯಿತು. ಬೋಸ್ಟನ್ನಿನ ಮೊದಲ ರೋಗಿಯಲ್ಲಿ ಎಂಟನೆಯ ದಿನವೇ ಟಿ ಕೋಶಗಳ ದಾಳಿ ಶುರುವಾಗಿತ್ತು, ಮದ್ದು ಏರಿಸಿ ತಡೆದರು. ಎರಡು ತಿಂಗಳಾಗುವ ಹೊತ್ತಿಗೆ ಆತ ತೀರಿಕೊಂಡದ್ದು ಮೊದಲೇ ಇದ್ದ ಹೃದಯದ ತೊಂದರೆಯಿಂದ, ಕಿಡ್ನಿಯಿಂದಲ್ಲ. ಬೋಸ್ಟನ್ನಿನ ಇನ್ನೊಬ್ಬ ರೋಗಿ 2025ರ ಜನವರಿಯಲ್ಲಿ ಪಡೆದ ಕಿಡ್ನಿ 271 ದಿನ ಕೆಲಸ ಮಾಡಿತು, ಆಮೇಲೆ ತೆಗೆಯಬೇಕಾಯಿತು. ಇದನ್ನು ಸೋಲು ಅನ್ನುತ್ತಿಲ್ಲ. 271 ದಿನ ಡಯಾಲಿಸಿಸ್ ಯಂತ್ರವಿಲ್ಲದೆ ಬದುಕುವುದು ಏನೆಂದು ನಮ್ಮ ಮನೆಯವರಿಗೆ ಗೊತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಅಲಬಾಮಾದ ಒಬ್ಬ ಹೆಂಗಸಿನ ಕತೆ. ಆಕೆ 1999ರಲ್ಲಿ ತನ್ನ ತಾಯಿಗೆ ಒಂದು ಕಿಡ್ನಿ ಕೊಟ್ಟಿದ್ದರು. ಮುಂದೆ ಬಸುರಿನಲ್ಲಾದ ತೊಂದರೆಯಿಂದ ರಕ್ತದೊತ್ತಡ ಏರಿ ಉಳಿದ ಕಿಡ್ನಿಯೂ ಹಾಳಾಯಿತು. ಹೊಂದುವ ಮನುಷ್ಯ ಕಿಡ್ನಿ ಸಿಗಲಿಲ್ಲ. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಹಂದಿಯ ಕಿಡ್ನಿ ಹಾಕಿದರು. ಅದು 130 ದಿನ ಚೆನ್ನಾಗಿ ನಡೆಯಿತು. ಆಗ ಆಕೆಗೆ ಒಂದು ಸೋಂಕು ತಗಲಿತು. ಸೋಂಕಿನೊಡನೆ ಮೈ ಹೋರಾಡಲಿ ಎಂದು ರೋಗನಿರೋಧಕತೆ ತಗ್ಗಿಸುವ ಮದ್ದನ್ನು ಕಡಿಮೆ ಮಾಡಿದರು. ಮದ್ದು ಇಳಿದದ್ದೇ ತಡ ದೇಹ ಕಿಡ್ನಿಯನ್ನು ತಿರಸ್ಕರಿಸಿತು. 2025ರ ಏಪ್ರಿಲ್‌ನಲ್ಲಿ ಅದನ್ನು ತೆಗೆದರು. ಹಂದಿಯ ಹತ್ತೂ ತಿದ್ದುಪಡಿಗಳು ಅಲ್ಲೇ ಇದ್ದವು. ಇಳಿದದ್ದು ಮದ್ದು ಮಾತ್ರ.

ಜಗತ್ತಿನ ಅತ್ಯುತ್ತಮ ಆಸ್ಪತ್ರೆಗಳಲ್ಲೊಂದರಲ್ಲಿ, ತಜ್ಞರು ಕಣ್ಣಿಟ್ಟು ಕಾಯುತ್ತಿದ್ದಾಗಲೇ, ಬೇರೆ ದಾರಿಯಿಲ್ಲದೆ ಮದ್ದು ಇಳಿಸಿದ್ದಕ್ಕೆ ಹೀಗಾಯಿತು. ಸೀತೂರಿನಲ್ಲಿ ದುಡ್ಡಿಲ್ಲದೆ ಇಳಿಸಿದ್ದಕ್ಕೂ ಹೀಗೇ ಆಯಿತು. ಕಿಡ್ನಿ ಹಂದಿಯದ್ದೋ ಹೆಂಡತಿಯದ್ದೋ, ಅದನ್ನು ಉಳಿಸುವುದು ಎಂಟು ಗಂಟೆಯ ಗುಳಿಗೆ. ಟ್ಯಾಕ್ರೊಲಿಮಸ್ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾ ಬೆಟ್ಟದ ಬಳಿಯ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ. ಅದಕ್ಕೂ ಮೊದಲಿನ ಸೈಕ್ಲೋಸ್ಪೋರಿನ್ ಬಂದದ್ದು ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ. ಕಸಿ ಎಂಬ ಚಿಕಿತ್ಸೆ ಪವಾಡವಾಗಿ ಉಳಿಯದೆ ದಿನನಿತ್ಯದ ವೈದ್ಯವಾದದ್ದು ಇವುಗಳಿಂದ. 1954ರ ಡಿಸೆಂಬರಿನಲ್ಲಿ ಬೋಸ್ಟನ್‌ನಲ್ಲಿ ಮೊದಲ ಕಿಡ್ನಿ ಕಸಿ ಗೆದ್ದದ್ದು ಕೊಟ್ಟವನೂ ಪಡೆದವನೂ ಏಕರೂಪಿ ಅವಳಿಗಳಾಗಿದ್ದರಿಂದ. ಅವಳಿ ಇಲ್ಲದ ನಮಗೆಲ್ಲ ಅವಳಿಯ ಜಾಗದಲ್ಲಿ ನಿಂತಿರುವುದು ಈ ಗುಳಿಗೆ.

ಇನ್ನು ಹೇಸಿಗೆಯ ಬಣಕ್ಕೆ ಬರುತ್ತೇನೆ. ಈ ಬಣದಲ್ಲಿ ನನ್ನ ಸಾಹಿತ್ಯದ ಗೆಳೆಯರೇ ಹೆಚ್ಚು, ಹಾಗಾಗಿ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಒಂದು ಭಾನುವಾರದ ಮಾತುಕತೆಯಲ್ಲಿ ಕವಿಗೆಳೆಯರೊಬ್ಬರು “ದೇಹಕ್ಕೆ ಗೊತ್ತು, ಯಾವುದು ತನ್ನದು ಯಾವುದು ಪರರದ್ದು ಅಂತ. ಅದು ಸುಳ್ಳು ಹೇಳಲ್ಲ” ಅಂದರು. ಎಲ್ಲರೂ ತಲೆದೂಗಿದರು. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ದೇಹ ತನ್ನದೇ ಕೀಲುಗಳನ್ನು ಪರರದ್ದೆಂದು ತಿಳಿದು ಸಂಧಿವಾತ ತರಿಸುತ್ತದೆ. ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳನ್ನು ಸಾಕಿಕೊಳ್ಳುತ್ತದೆ. ಅರ್ಧ ಪರರದ್ದೇ ಆದ ಮಗುವನ್ನು ಒಂಬತ್ತು ತಿಂಗಳು ಹೊರುತ್ತದೆ. ಹಂದಿಯ ಸಕ್ಕರೆಯನ್ನು ಗುರುತಿಸಲು ಅದು ಕಲಿತದ್ದೂ ಒಳಗಿರುವ ಆ ಬಾಡಿಗೆದಾರ ಬ್ಯಾಕ್ಟೀರಿಯಾಗಳಿಂದಲೇ. ತನ್ನದು, ಪರರದ್ದು ಎಂಬ ಗೆರೆ ದೇಹದಲ್ಲಿ ದಿನದಿನವೂ ತಿದ್ದಿ ಬರೆಯುತ್ತಿರುವ ಗೆರೆ. ಅದನ್ನು ಪ್ರಕೃತಿಯ ತೀರ್ಪು ಎಂದು ಹೇಳುವವರು ನಾಳೆ ಯಾವ ಮನೆಯ ಬಾಗಿಲಲ್ಲಿ ನಿಂತು ಆ ಮಾತು ಹೇಳುತ್ತಾರೋ ಎಂಬ ಭಯ ನನಗಿದೆ. ಪರರದ್ದನ್ನು ಒಪ್ಪದಿರುವುದೇ ಸಹಜ ಎಂಬ ವಾದ ನಮ್ಮ ಊರುಗಳಲ್ಲಿ ಯಾರನ್ನು ಎಲ್ಲಿ ಕೂರಿಸಲು ಬಳಕೆಯಾಗಿದೆ ಎಂಬುದು ಓದುಗರಿಗೆ ತಿಳಿಯದ ಸಂಗತಿಯೇನಲ್ಲ.

ಪ್ರಕೃತಿಗೆ ವಿರುದ್ಧ ಎಂದು ಹೇಳುವ ಮೊದಲು, ಈಗ ಪ್ರಕೃತಿಸಹಜವಾಗಿ ಕಿಡ್ನಿ ಬರುತ್ತಿರುವುದು ಎಲ್ಲಿಂದ ಎಂದೂ ನೋಡಬೇಕು. 2023ರಲ್ಲಿ ಭಾರತದಲ್ಲಿ 18,378 ಅಂಗಾಂಗ ಕಸಿಗಳಾದವು. ಮರಣಾನಂತರ ಅಂಗ ಕೊಟ್ಟವರು 1,099 ಮಂದಿ. ಒಬ್ಬರಿಂದ ಹಲವು ಅಂಗ ಬಂದರೂ, ಹೆಚ್ಚಿನ ಪಾಲು ಬದುಕಿರುವವರ ಮೈಯಿಂದಲೇ ಬರುತ್ತಿದೆ ಎಂಬುದು ಇದರಿಂದಲೇ ಸ್ಪಷ್ಟ. ಬದುಕಿದ್ದು ಕೊಡುವವರು ಯಾರು? ಐವರಲ್ಲಿ ನಾಲ್ವರು ಹೆಂಗಸರು. ಪಡೆಯುವವರು ಯಾರು? 1995ರಿಂದ 2021ರವರೆಗಿನ ಲೆಕ್ಕದಲ್ಲಿ 36,640 ಕಸಿಗಳಲ್ಲಿ 29,695 ಗಂಡಸರಿಗೆ, 6,945 ಹೆಂಗಸರಿಗೆ. ಇದು ಕಾಯಿಲೆಯ ಲೆಕ್ಕವಲ್ಲ, ಮನೆಯೊಳಗಿನ ಲೆಕ್ಕ. ಮೇಲೆ ಇನ್ನೊಂದು ಹೊರೆಯಿದೆ. ಹೆತ್ತ ಹೆಂಗಸಿನ ರಕ್ತದಲ್ಲಿ ಗಂಡನ ಕಡೆಯ ಗುರುತುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಅವಳಿಗೇ ಕಿಡ್ನಿ ಬೇಕಾದಾಗ ಗಂಡನದ್ದೋ ಮಕ್ಕಳದ್ದೋ ಹೊಂದುವುದು ಕಷ್ಟ. ಚಿಕ್ಕಮ್ಮ ಚಿಕ್ಕಪ್ಪನಿಗೆ ಕೊಟ್ಟಷ್ಟು ಸಲೀಸಾಗಿ ಚಿಕ್ಕಪ್ಪ ಚಿಕ್ಕಮ್ಮನಿಗೆ ಕೊಡಲು ಆಗುತ್ತಿರಲಿಲ್ಲವೇನೋ. ಕೊಡಿ ಎಂದು ಯಾರಾದರೂ ಕೇಳುತ್ತಿದ್ದರೇ ಎಂಬುದು ಬೇರೆ ಪ್ರಶ್ನೆ.

ಆದ್ದರಿಂದ ನಾನು ಹಂದಿಯ ಕಿಡ್ನಿಯ ವಿರೋಧಿಯಲ್ಲ. ಹೆಂಡತಿಯ, ತಾಯಿಯ, ಅಕ್ಕನ ಮೈಯನ್ನೇ ಮನೆಯ ಮೀಸಲು ಉಗ್ರಾಣ ಮಾಡಿಕೊಂಡಿರುವ ಈ ವ್ಯವಸ್ಥೆಗಿಂತ ಹಂದಿ ವಾಸಿ. ಹಂದಿಯನ್ನು ಹೀಗೆ ಸಾಕಿ ಕೊಲ್ಲುವುದು ಸರಿಯೇ ಎಂಬ ಪ್ರಶ್ನೆ ಗಂಭೀರವಾದದ್ದು, ಆದರೆ ಅದನ್ನು ಊಟದ ತಟ್ಟೆಯಿಂದ ಶುರುಮಾಡದೆ ಡಯಾಲಿಸಿಸ್ ಮಂಚದಿಂದ ಶುರುಮಾಡುವವರ ಪ್ರಾಮಾಣಿಕತೆಯ ಮೇಲೆ ನನಗೆ ಅನುಮಾನವಿದೆ.

ನನ್ನ ತಕರಾರು ಬೇರೆ. ಹಂದಿಯ ಕಿಡ್ನಿ ನಾಳೆಯೇ ಬಂದರೂ ಅದು ಸೀತೂರಿಗೆ ಬಂದು ಸಾಯುತ್ತದೆ. ಈಗಿರುವ ಮನುಷ್ಯ ಕಿಡ್ನಿಯನ್ನೇ ಉಳಿಸಿಕೊಳ್ಳಲಾಗದ ಏರ್ಪಾಡು, ಇನ್ನೂ ಹೆಚ್ಚು ಮದ್ದು, ಇನ್ನೂ ಹೆಚ್ಚು ಪರೀಕ್ಷೆ ಕೇಳುವ ಹಂದಿಯ ಕಿಡ್ನಿಯನ್ನು ಹೇಗೆ ಉಳಿಸೀತು? ಮದ್ದು ಕಡಿಮೆಯಾದರೆ ತಿರಸ್ಕಾರ, ಹೆಚ್ಚಾದರೆ ಸೋಂಕು. ಈ ಎರಡರ ನಡುವಿನ ಓಣಿ ಬಹಳ ಕಿರಿದು. ಅದರಲ್ಲಿ ನಡೆಯಲು ಮದ್ದಿನ ಮಟ್ಟವನ್ನು ರಕ್ತದಲ್ಲಿ ಅಳೆಯುತ್ತಿರಬೇಕು. ಮಲೆನಾಡಿನಲ್ಲಿ ಆ ಓಣಿ ಇನ್ನೂ ಕಿರಿದಾಗುತ್ತದೆ. ಉಣುಗು, ಇಲಿಜ್ವರ, ಆರು ತಿಂಗಳ ತೇವ. ಪ್ರಾಣಿಯ ವೈರಸ್ ಮನುಷ್ಯನಿಗೆ ದಾಟುವುದು ನಮಗೆ ಬಾಲ್ಟಿಮೋರ್‌ನ ಸುದ್ದಿಯಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕೊಪ್ಪ, ನರಸಿಂಹರಾಜಪುರದ ಮನೆಗಳಲ್ಲಿ ಈಗಲೂ ಬೇಸಿಗೆಯ ಭಯ. ಚಿಕ್ಕಪ್ಪ ಏಳು ವರ್ಷ, ರೋಗನಿರೋಧಕತೆಯನ್ನು ಬೇಕೆಂದೇ ತಗ್ಗಿಸಿಕೊಂಡ ಮೈಯಲ್ಲಿ, ಆ ತೋಟದೊಳಗೆ ಓಡಾಡಿದರು. ಕಾಡು ಅವರನ್ನು ಸುಮ್ಮನೆ ಬಿಟ್ಟಿತು. ಅವರನ್ನು ಕೆಡವಿದ್ದು ಮದ್ದಿನಂಗಡಿಯ ಬಿಲ್ಲು.

ಇದಕ್ಕೆ ಸರ್ಕಾರ ಏನೂ ಮಾಡಿಲ್ಲ ಅನ್ನಲಾರೆ. ಮರಣಾನಂತರದ ಅಂಗದಾನವನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆ ರಾಜ್ಯದಲ್ಲಿದೆ. ನಮ್ಮದೇ ಜಿಲ್ಲೆಯ ನಟ ಸಂಚಾರಿ ವಿಜಯ್ 2021ರಲ್ಲಿ ಅಪಘಾತಕ್ಕೆ ಸಿಕ್ಕಾಗ ಮನೆಯವರು ಅವರ ಅಂಗಗಳನ್ನು ದಾನ ಮಾಡಿದ್ದನ್ನು ನಾವೆಲ್ಲ ಕಣ್ಣು ತುಂಬಿಕೊಂಡು ಓದಿದ್ದೇವೆ. ಬಡ ಕುಟುಂಬಗಳ ಕಸಿಗೆ ರಾಜ್ಯದ ನೆರವಿನ ಯೋಜನೆಯಿದೆ, ಮದ್ದಿಗೂ ಒಂದು ಮಿತಿಯವರೆಗೆ ನೆರವಿದೆ. ಚಿಕ್ಕಪ್ಪನ ಕಸಿ ಆ ಲೆಕ್ಕಕ್ಕೆ ಬರಲಿಲ್ಲ, ಸಾಲದಲ್ಲಾಯಿತು. ಆದರೆ ಬಂದವರಿಗೂ ಅದು ಮಿತಿಯೊಳಗಿನ ನೆರವೇ. ಗುಳಿಗೆಗೆ ಮಾತ್ರ ಮಿತಿಯಿಲ್ಲ, ಉಸಿರಿರುವವರೆಗೂ ನುಂಗಬೇಕು.

ಈಗ ಈ ಲೆಕ್ಕ ನೋಡಿ. ಚಿಕ್ಕಪ್ಪ ವಾರಕ್ಕೆ ಎರಡು ಸಲ ತಾಲೂಕು ಆಸ್ಪತ್ರೆಗೆ ಹೋಗಿ ಬರುತ್ತಾರೆ. ಡಯಾಲಿಸಿಸ್ ಉಚಿತ. 2016ರಲ್ಲಿ ಘೋಷಿಸಿದ ರಾಷ್ಟ್ರೀಯ ಕಾರ್ಯಕ್ರಮದಿಂದ ಬಡವರಿಗೆ ಇದು ಸಾಧ್ಯವಾಗಿದೆ. ಒಳ್ಳೆಯದೇ. ಅಲ್ಲಿನ ಸಿಸ್ಟರ್‌ಗಳು ಅವರನ್ನು ಮನೆಯವರಂತೆ ನೋಡಿಕೊಳ್ಳುತ್ತಾರೆ. ಆದರೆ ಕಿಡ್ನಿ ಸತ್ತ ಮೇಲೆ ವಾರವಾರವೂ ಖರ್ಚು ಮಾಡಲು ತಯಾರಿರುವ ಸರ್ಕಾರ, ಅದು ಬದುಕಿದ್ದಾಗ ಅದನ್ನು ಉಳಿಸುವ ಗುಳಿಗೆಯನ್ನು ನಮ್ಮ ಜೇಬಿಗೆ ಬಿಟ್ಟಿತ್ತು. ರಾತ್ರಿಯ ಗುಳಿಗೆ ಬಿಟ್ಟವನನ್ನು ನಾವು ಬೇಜವಾಬ್ದಾರಿ ಎಂದು ಬೈಯುತ್ತೇವೆ. ಆ ಗುಳಿಗೆಗೆ ದುಡ್ಡಿಡದ ಬಜೆಟ್ಟಿಗೆ ಆ ಮಾತು ಅನ್ನುವುದಿಲ್ಲ.

ಜೀವನಪೂರ್ತಿ ಎಲ್ಲರಿಗೂ ಮದ್ದು ಕೊಡಲು ಆಗುತ್ತದೆಯೇ ಎಂದು ಕೇಳುವವರಿಗೆ ಉತ್ತರ ನಮ್ಮಲ್ಲೇ ಇದೆ. 2004ರ ಏಪ್ರಿಲ್‌ನಿಂದ ಈ ದೇಶ ಎಚ್‌ಐವಿ ಸೋಂಕಿತರಿಗೆ ಎಆರ್‌ಟಿ ಮದ್ದನ್ನು ಉಚಿತವಾಗಿ ಕೊಡುತ್ತಿದೆ. ಅದೂ ದಿನನಿತ್ಯದ, ಜೀವನಪೂರ್ತಿಯ ಮದ್ದೇ. ಅದಕ್ಕೂ ರಕ್ತ ಪರೀಕ್ಷೆ ಬೇಕು, ಅದನ್ನೂ ನಡುವೆ ಬಿಟ್ಟರೆ ಅಪಾಯ. ಇವತ್ತು ಹದಿನೈದು ಲಕ್ಷಕ್ಕೂ ಹೆಚ್ಚು ಜನ ಅದನ್ನು ಪಡೆಯುತ್ತಿದ್ದಾರೆ. ಗುಳಿಗೆ ತಪ್ಪಿಸಿದವರಿಗೆ ಫೋನ್ ಮಾಡಿ ಕೇಳುವವರಿದ್ದಾರೆ. ಕಸಿಯಾದವರು ಅವರಿಗಿಂತ ಎಷ್ಟೋ ಕಡಿಮೆ. ಕೋಟಿಗಟ್ಟಲೆ ಜನರಿರುವ ರಾಜ್ಯಕ್ಕೆ ಅವರ ಪಟ್ಟಿ ಹಿಡಿದು ಮನೆಮನೆಗೆ ಮದ್ದು ಮುಟ್ಟಿಸುವುದು ಅಸಾಧ್ಯವಲ್ಲ. ಬೇಕಿರುವುದು ಮೂರು: ಯಾವ ಕಾರ್ಡು, ಯಾವ ಆಸ್ಪತ್ರೆ ಎಂದು ಕೇಳದೆ ಕಸಿಯಾದ ಪ್ರತಿಯೊಬ್ಬರಿಗೂ ಮದ್ದು ತಾಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು. ಮಟ್ಟ ನೋಡಲು ರಕ್ತದ ಮಾದರಿಯನ್ನು ಅಲ್ಲೇ ತೆಗೆದು ಕಳಿಸುವಂತಾಗಬೇಕು, ರೋಗಿ ಘಟ್ಟ ಇಳಿಯಬಾರದು. ಅಂಗ ಕೊಟ್ಟವರಿಗೂ ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು. ಒಂದೇ ಕಿಡ್ನಿ ಇಟ್ಟುಕೊಂಡು ಈಗಲೂ ಸೊಪ್ಪಿನ ಹೊರೆ ಹೊರುವ ಚಿಕ್ಕಮ್ಮನ ರಕ್ತದೊತ್ತಡ ಎಷ್ಟೆಂದು ಈ ಒಂಬತ್ತು ವರ್ಷದಲ್ಲಿ ಯಾರೂ ಕೇಳಿಕೊಂಡು ಬಂದಿಲ್ಲ.

ಆಗ ಹಂದಿಯ ಕಿಡ್ನಿ ಬರಲಿ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದರ ವ್ಯವಸ್ಥಿತ ಪ್ರಯೋಗಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ. ಒಂದಲ್ಲ ಒಂದು ದಿನ ಅದು ಇಲ್ಲಿಗೂ ಬರುತ್ತದೆ. ಮದ್ದಿನ ಏರ್ಪಾಡು ಮೊದಲೇ ಇದ್ದ ಊರಿಗೆ ಬಂದರೆ ಉಳಿಯುತ್ತದೆ. ಇಲ್ಲದ ಊರಿಗೆ ಬಂದರೆ, ಗುಳಿಗೆ ಕೊಳ್ಳಬಲ್ಲವರ ಮನೆಯಲ್ಲಿ ಉಳಿದು, ಉಳಿದವರ ಮನೆಯಲ್ಲಿ ಇನ್ನೊಂದು ಸಾಲವಾಗಿ ಹೋಗುತ್ತದೆ.

ಮೊನ್ನೆ ಊರಿಂದ ಹೊರಡುವಾಗ ಚಿಕ್ಕಮ್ಮ ಒಂದು ಬಿಸ್ಕತ್ತಿನ ಡಬ್ಬಿ ಕೈಗಿತ್ತರು. ಕಿಡ್ನಿ ಹೋದ ಮೇಲೆ ನಿಲ್ಲಿಸಿದ ಗುಳಿಗೆಗಳು, ಕೊನೆಯ ತಿಂಗಳು ಬಳೆ ಇಟ್ಟು ಒಟ್ಟಿಗೆ ತರಿಸಿದ್ದು, ಇನ್ನೂ ಸ್ಟ್ರಿಪ್ ಹರಿಯದೆ ಇವೆ.

“ಎಕ್ಸ್‌ಪೈರಿ ಆಗೋಕೆ ಇನ್ನೂ ಮೂರು ತಿಂಗ್ಳಿದೆ. ಬೆಂಗ್ಳೂರಲ್ಲಿ ಯಾರಿಗಾದ್ರೂ ಆಗುತ್ತಾ ಕೇಳೇ” ಅಂದರು.

ಕೇಳಿದೆ. ಒಂದೇ ದಿನದಲ್ಲಿ ನಾಲ್ಕು ಜನ ಫೋನ್ ಮಾಡಿದರು. ಡಾಕ್ಟರಿಗೆ ತೋರಿಸದೆ ತಗೋಬೇಡಿ ಎಂದು ಹೇಳಿ ಒಬ್ಬರಿಗೆ ಕೊಟ್ಟೆ. ಉಳಿದ ಮೂವರಿಗೆ ಏನು ಹೇಳುವುದೆಂದು ಗೊತ್ತಾಗಲಿಲ್ಲ.